ಕಟ್ಟಡಗಳ ಕೀಟ ನಿಯಂತ್ರಣ ಮತ್ತು ಧೂಮೀಕರಣ: ಪರವಾನಗಿ, ಸುರಕ್ಷತೆ, ದೂರು

(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಮನೆ, ಅಂಗಡಿ, ವಸತಿಗೃಹ, ಅಕ್ಕಿ ಗಿರಣಿ, ಗೇರುಬೀಜ ಕಾರ್ಖಾನೆ ಅಥವಾ ಗೋದಾಮುಗಳಲ್ಲಿ ಹಣ ಪಡೆದು ಕೀಟ ನಿಯಂತ್ರಣದ ಕೆಲಸ ಮಾಡುವ ವ್ಯಕ್ತಿ ಅಥವಾ ಸಂಸ್ಥೆಯು ಕೀಟನಾಶಕ ಅಧಿನಿಯಮ 1968 ಹಾಗೂ ಕೀಟನಾಶಕ ನಿಯಮಗಳು 1971ರ ಅನ್ವಯ ಪರವಾನಗಿಯನ್ನು ಹೊಂದಿರತಕ್ಕದ್ದು. ವಿಷಾನಿಲ ಬಳಸಿ ಧೂಮೀಕರಣ ಮಾಡುವವರಿಗೆ ಈ ಪರವಾನಗಿಯೊಂದೇ ಸಾಲದು. ಭಾರತ ಸರ್ಕಾರದ ಸಸ್ಯ ಸಂರಕ್ಷಣಾ ಸಲಹೆಗಾರರಿಂದ ಪ್ರತ್ಯೇಕ ಅನುಮತಿಯೂ ಅಗತ್ಯ. ಈ ಎರಡು ಕಾಗದಗಳ ನಡುವಿನ ವ್ಯತ್ಯಾಸವನ್ನು ತಿಳಿಯದೆ ಮನೆಯ ಕೀಲಿಕೈಯನ್ನು ಕೆಲಸದವರಿಗೆ ಒಪ್ಪಿಸುವುದು ಪ್ರಾಣಾಪಾಯಕ್ಕೆ ದಾರಿಯಾಗಬಹುದಾದುದರಿಂದ ಈ ಕೆಳಗಿನ ವಿವರಗಳನ್ನು ಪ್ರಕಟಿಸಲಾಗಿದೆ.

ಕಾನೂನಿನ ಹಿನ್ನೆಲೆ

1958ರಲ್ಲಿ ಅಂದಿನ ಕೇರಳ ಮತ್ತು ಮದರಾಸು ರಾಜ್ಯಗಳಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕವು ಸಾಗಣೆಯ ವೇಳೆ ಗೋಧಿ ಹಿಟ್ಟಿಗೆ ಬೆರೆತು ನೂರಕ್ಕೂ ಹೆಚ್ಚು ಜನರು ಮೃತಪಟ್ಟರು. ಆ ದುರಂತದ ವಿಚಾರಣೆಯ ನಂತರವೇ 1968ರ ಅಧಿನಿಯಮವು ರೂಪುಗೊಂಡಿತು. ಹೊಲಕ್ಕೆ ಸಿಂಪಡಿಸುವ ಔಷಧಿಗಷ್ಟೇ ಈ ಕಾನೂನು ಅನ್ವಯವಾಗುತ್ತದೆಂಬ ಭಾವನೆ ಸಾರ್ವಜನಿಕರಲ್ಲಿದೆ. ಆದರೆ ಈ ಕಾನೂನು ಹುಟ್ಟಿದ್ದೇ ಜನರ ಅಡುಗೆಮನೆಯನ್ನು ಹೊಕ್ಕ ವಿಷದಿಂದ ಎಂಬುದನ್ನು ಗಮನಿಸಬೇಕು.

ಸಿಂಪಡಣೆ ಬೇರೆ, ಧೂಮೀಕರಣ ಬೇರೆ

ನಮ್ಮ ಭಾಗದಲ್ಲಿ "ಮನೆಗೆ ಮದ್ದು ಹೊಡೆಸುವುದು" ಎಂಬ ಒಂದೇ ಮಾತಿನಲ್ಲಿ ಮೂರು ಬಗೆಯ ಕೆಲಸಗಳು ಸೇರಿಕೊಂಡಿವೆ. ಜಿರಳೆ, ತಿಗಣೆ, ಸೊಳ್ಳೆಗಳಿಗೆ ದ್ರವವನ್ನು ಸಿಂಪಡಿಸುವುದು ಮೊದಲನೆಯದು. ಗೆದ್ದಲಿಗೆ, ಅಂದರೆ ಒರಲೆಗೆ, ನೆಲದಲ್ಲಿ ರಂಧ್ರ ಕೊರೆದು ಮದ್ದು ತುಂಬುವುದು ಎರಡನೆಯದು. ಮುಚ್ಚಿದ ಜಾಗದಲ್ಲಿ ವಿಷಾನಿಲವನ್ನು ತುಂಬಿ ಕೀಟಗಳನ್ನು ಕೊಲ್ಲುವುದು ಮೂರನೆಯದು. ಇದನ್ನು ಮಾತ್ರ ಧೂಮೀಕರಣವೆನ್ನಲಾಗುತ್ತದೆ.

ಧೂಮೀಕರಣಕ್ಕೆ ನಮ್ಮಲ್ಲಿ ಹೆಚ್ಚಾಗಿ ಬಳಕೆಯಾಗುವುದು ಅಲ್ಯೂಮಿನಿಯಂ ಫಾಸ್ಫೈಡ್. ಸೆಲ್ಫಾಸ್ ಎಂಬ ಹೆಸರಿನಿಂದ ಜನರಿಗೆ ಪರಿಚಿತವಾಗಿರುವ ಮಾತ್ರೆ ಇದೇ. 3 ಗ್ರಾಂ ತೂಕದ ಒಂದು ಮಾತ್ರೆಯು ಗಾಳಿಯ ತೇವಾಂಶದೊಂದಿಗೆ ಸೇರಿ ಸುಮಾರು 1 ಗ್ರಾಂ ಫಾಸ್ಫೀನ್ ಅನಿಲವನ್ನು ಬಿಡುತ್ತದೆ. ಬಿಸಿಯೂ ತೇವವೂ ಹೆಚ್ಚಿರುವ ಕರಾವಳಿಯ ಹವೆಯಲ್ಲಿ ಅನಿಲ ಹೊರಬರುವ ವೇಗವು ಒಣಪ್ರದೇಶಕ್ಕಿಂತ ಹೆಚ್ಚು. ಈ ಅನಿಲವು ಗಾಳಿಗಿಂತ ಸ್ವಲ್ಪ ಭಾರವಾಗಿದ್ದು ಗೋಡೆಯ ಬಿರುಕು, ವೈರಿಂಗ್ ಕೊಳವೆ, ಬಾಗಿಲ ಸಂದುಗಳ ಮೂಲಕ ಪಕ್ಕದ ಕೋಣೆಗೆ ಹೋಗಬಲ್ಲದು. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂತಹ ವಾಸನೆ ಇರುತ್ತದೆಯಾದರೂ ವಾಸನೆಯನ್ನು ನಂಬಿ ನಡೆಯುವಂತಿಲ್ಲ. ಮೀನಿನ ವಾಸನೆ ನಮ್ಮ ಊರುಗಳಲ್ಲಿ ಯಾರನ್ನೂ ಎಚ್ಚರಿಸುವುದಿಲ್ಲ. ಕೆಲಸದ ಸ್ಥಳದಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಮಿತಿಯು ಹತ್ತು ಲಕ್ಷ ಭಾಗ ಗಾಳಿಗೆ 0.3 ಭಾಗ ಮಾತ್ರ. 50 ಭಾಗಗಳು ತಕ್ಷಣದ ಪ್ರಾಣಾಪಾಯದ ಮಟ್ಟವೆಂದು ಪರಿಗಣಿತವಾಗಿದೆ. ಈ ವಿಷಕ್ಕೆ ಪ್ರತಿವಿಷ ಇಲ್ಲ.

ತಾಮ್ರ ಮತ್ತು ಅದರ ಮಿಶ್ರಲೋಹಗಳನ್ನು ಫಾಸ್ಫೀನ್ ತಿನ್ನುತ್ತದೆ. ದೇವರ ಕೋಣೆಯ ಹಿತ್ತಾಳೆ ದೀಪ, ಮನೆಯ ವಿದ್ಯುತ್ ತಂತಿ, ದೂರದರ್ಶನ, ಫ್ರಿಜ್ ಇವುಗಳಿಗೂ ಹಾನಿಯಾಗುವ ಈ ಅನಿಲವು ಜನವಸತಿಯ ಮನೆಗೆ ಸಲ್ಲುವ ವಸ್ತುವಲ್ಲ.

ಅಮೆರಿಕದ ಫ್ಲಾರಿಡಾ, ಕ್ಯಾಲಿಫೋರ್ನಿಯಾಗಳಲ್ಲಿ ಇಡೀ ಮನೆಗೆ ಗುಡಾರದಂತೆ ಹೊದಿಕೆ ಹಾಕಿ ಬೇರೊಂದು ಅನಿಲವನ್ನು ತುಂಬುವ ಪದ್ಧತಿಯಿದೆ. ಹಂಚಿನ ಮಾಡಿನ, ಸಂದುಗೊಂದುಗಳ ನಮ್ಮ ಮನೆಗಳಲ್ಲಿ ಬಾಗಿಲು ಮುಚ್ಚಿ ಮಾತ್ರೆ ಇಡುವುದು ಅದಕ್ಕೆ ಸಮನಾಗುವುದಿಲ್ಲ. ಅನಿಲ ಸೋರುವುದರಿಂದ ಹುಳುವೂ ಪೂರ್ತಿ ಸಾಯುವುದಿಲ್ಲ, ನೆರೆಮನೆಯವರಿಗೂ ಅಪಾಯ. ಮಾಡಿನ ಪಕ್ಕಾಸು, ರೀಪುಗಳಿಗೆ ಹುಳು ಹಿಡಿದಿದ್ದಲ್ಲಿ ಮರಕ್ಕೆ ನೇರವಾಗಿ ಮದ್ದು ಲೇಪಿಸುವುದು ಅಥವಾ ತೂತಿಗೆ ತುಂಬಿಸುವುದು ಸೂಕ್ತ.

ಯಾರು ಮಾಡಬಹುದು

ಕೀಟನಾಶಕ ನಿಯಮಗಳ 10ನೇ ನಿಯಮದ (3ಎ) ಉಪನಿಯಮದಂತೆ ಕೀಟ ನಿಯಂತ್ರಣ ಪರವಾನಗಿ ಕೋರುವವರು ಕೃಷಿ ಪದವೀಧರರು ಅಥವಾ ರಸಾಯನಶಾಸ್ತ್ರವನ್ನು ಒಂದು ವಿಷಯವಾಗಿ ಓದಿದ ವಿಜ್ಞಾನ ಪದವೀಧರರಾಗಿರಬೇಕು. ಜೊತೆಗೆ ನಿಗದಿತ ಸಂಸ್ಥೆಯಿಂದ ಕನಿಷ್ಠ 15 ದಿನಗಳ ತರಬೇತಿಯ ಪ್ರಮಾಣಪತ್ರವನ್ನು ಹೊಂದಿರಬೇಕು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು ಇಂತಹ ಸಂಸ್ಥೆಗಳಲ್ಲೊಂದು. ವಾಣಿಜ್ಯ ಅಥವಾ ಕಲಾ ಪದವಿಯ ಆಧಾರದ ಮೇಲೆ ಅರ್ಜಿ ಸಲ್ಲಿಸಲು ಅವಕಾಶವಿರುವುದಿಲ್ಲ. ಈ ಟಿಪ್ಪಣಿಯನ್ನು ಸಿದ್ಧಪಡಿಸಿದವರೂ ವಾಣಿಜ್ಯ ಪದವೀಧರರೇ ಆಗಿದ್ದು, ಈ ನಿರ್ಬಂಧವು ಸಕಾರಣವೆಂದೇ ಅವರ ಅಭಿಪ್ರಾಯ.

ಅಲ್ಯೂಮಿನಿಯಂ ಫಾಸ್ಫೈಡ್ ಅಥವಾ ಮೀಥೈಲ್ ಬ್ರೋಮೈಡ್ ಬಳಸುವವರು ಸಸ್ಯ ಸಂರಕ್ಷಣಾ ಸಲಹೆಗಾರರ ಅನುಮತಿಯನ್ನೂ ಪಡೆದಿರಬೇಕು, ಹಾಗೂ ಕೆಲಸವು ಸರ್ಕಾರಿ ತಜ್ಞರ ಇಲ್ಲವೇ ಅನುಮೋದಿತ ತಜ್ಞರ ನೇರ ಮೇಲ್ವಿಚಾರಣೆಯಲ್ಲಿ ನಡೆಯಬೇಕು. 3 ಗ್ರಾಂನ 10 ಹಾಗೂ 20 ಮಾತ್ರೆಗಳ ಕೊಳವೆ ಪೊಟ್ಟಣಗಳ ತಯಾರಿಕೆ, ಮಾರಾಟ, ಬಳಕೆಯನ್ನು 2001ರ ಜುಲೈ ತಿಂಗಳಲ್ಲಿಯೇ ಸಂಪೂರ್ಣವಾಗಿ ನಿಷೇಧಿಸಲಾಗಿದೆ. ಆದ್ದರಿಂದ ಅಂಗಡಿಯಲ್ಲಿ ಇಂತಹ ಕೊಳವೆ ದೊರೆತಲ್ಲಿ ಅದು ದೂರಿಗೆ ಅರ್ಹವಾದ ವಿಷಯವೇ ಆಗಿರುತ್ತದೆ.

ಮನೆಗಳಲ್ಲಿ ಸಿಂಪಡಿಸಲು ಹಿಂದೆ ಸಾಮಾನ್ಯವಾಗಿದ್ದ ಡೈಕ್ಲೋರ್‌ವಾಸ್ (ನುವಾನ್ ಹೆಸರಿನಲ್ಲಿ ಪರಿಚಿತ) ಬಳಕೆಯು 2020ರ ಡಿಸೆಂಬರ್ 31ರಿಂದ ನಿಷಿದ್ಧ. ಗೆದ್ದಲಿಗೆ ಬಳಸುತ್ತಿದ್ದ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್‌ಗಳು 1996ರಲ್ಲಿಯೇ ನಿಷೇಧಗೊಂಡಿವೆ. "ಹಳೆಯ ಮದ್ದೇ ಒಳ್ಳೆಯದು, ನಮ್ಮ ಹತ್ತಿರ ಸ್ವಲ್ಪ ಉಳಿದಿದೆ" ಎನ್ನುವವರಿಂದ ದೂರವಿರುವುದು ಲೇಸು.

ಕಾನೂನು ಎಲ್ಲಿ ನಿಲ್ಲುತ್ತದೆ

ಅಧಿನಿಯಮದ 38ನೇ ಪ್ರಕರಣದಂತೆ ತನ್ನ ಸ್ವಂತ ಮನೆಬಳಕೆಗೆ, ಕೈತೋಟಕ್ಕೆ ಅಥವಾ ತಾನು ಸಾಗುವಳಿ ಮಾಡುವ ಜಮೀನಿಗೆ ಕೀಟನಾಶಕ ಬಳಸುವ ವ್ಯಕ್ತಿಗೆ ಈ ಅಧಿನಿಯಮವು ಅನ್ವಯಿಸುವುದಿಲ್ಲ. ಅಂದರೆ ಮನೆಯ ಯಜಮಾನರು ತಾವೇ ಕಪಾಟಿನಲ್ಲಿ ಮಾತ್ರೆ ಇಟ್ಟಲ್ಲಿ ಪರವಾನಗಿಯ ಪ್ರಶ್ನೆಯೇ ಬರುವುದಿಲ್ಲ, ಪರಿವೀಕ್ಷಕರೂ ಬರುವುದಿಲ್ಲ. ಹೆಚ್ಚಿನ ಅನಾಹುತಗಳಿಗೆ ಅವಕಾಶವಿರುವುದು ಇಂತಹ ಕಡೆಯೇ. ಬಾಡಿಗೆದಾರರು ವಾಸವಿರುವ ಮನೆಯನ್ನು ಮಾಲೀಕರ ಸ್ವಂತ ಮನೆಬಳಕೆಯೆಂದು ಅರ್ಥೈಸುವುದು ಮಾತ್ರ ಕಷ್ಟ. ಅಲ್ಲದೆ, ವಿಷಪದಾರ್ಥವನ್ನು ನಿರ್ಲಕ್ಷ್ಯದಿಂದ ಬಳಸಿ ಅಪಾಯ ಉಂಟುಮಾಡುವುದು ಭಾರತೀಯ ನ್ಯಾಯ ಸಂಹಿತೆಯ 286ನೇ ಪ್ರಕರಣದಂತೆಯೂ, ನಿರ್ಲಕ್ಷ್ಯದಿಂದ ಸಾವು ಸಂಭವಿಸಿದಲ್ಲಿ 106ನೇ ಪ್ರಕರಣದಂತೆಯೂ ಅಪರಾಧ. ಇವು ಮಾಲೀಕರಿಗೂ ಅನ್ವಯವಾಗುತ್ತವೆ.

2022ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಸಂತನಗರದಲ್ಲಿ, ಬಾಡಿಗೆ ಮನೆಗೆ ಕೀಟನಾಶಕ ಹಾಕಿಸಿದ ಕೆಲವು ದಿನಗಳ ಬಳಿಕ ಊರಿನಿಂದ ಹಿಂದಿರುಗಿದ ಕುಟುಂಬವು ಅಸ್ವಸ್ಥಗೊಂಡು 8 ವರ್ಷದ ಬಾಲಕಿ ಮೃತಪಟ್ಟಳು. 2024ರ ನವೆಂಬರ್‌ನಲ್ಲಿ ಚೆನ್ನೈ ಸಮೀಪದ ಕುಂದ್ರತ್ತೂರಿನಲ್ಲಿ ಕೀಟ ನಿಯಂತ್ರಣ ಸಂಸ್ಥೆಯವರು ಮನೆಯೊಳಗೆ ಇಲಿಪಾಷಾಣ ಇಟ್ಟ ರಾತ್ರಿ ಹವಾನಿಯಂತ್ರಿತ ಕೋಣೆಯಲ್ಲಿ ಮಲಗಿದ್ದ ಕುಟುಂಬದ ಇಬ್ಬರು ಮಕ್ಕಳು ಸಾವನ್ನಪ್ಪಿದರು. ಎರಡೂ ಪ್ರಕರಣಗಳಲ್ಲಿ ಮೃತರು ಮಕ್ಕಳು. ದೊಡ್ಡವರು ಆಸ್ಪತ್ರೆ ಸೇರಿದರು.

ಈ ಮೂರು ತಾಲ್ಲೂಕುಗಳಿಗೆ ಈ ಘಟನೆಗಳು ದೂರದ ಸುದ್ದಿಯಲ್ಲ. ಬೆಂಗಳೂರು, ಮುಂಬಯಿಗಳಲ್ಲಿ ಉದ್ಯೋಗ, ಹೋಟೆಲ್ ವ್ಯವಹಾರ ಇಟ್ಟುಕೊಂಡಿರುವ ಅನೇಕ ಕುಟುಂಬಗಳ ಮೂಲಮನೆಗಳು ಇಲ್ಲಿ ವರ್ಷದ ಬಹುಭಾಗ ಬೀಗ ಹಾಕಿಕೊಂಡಿರುತ್ತವೆ. ಹಬ್ಬ, ಜಾತ್ರೆ ಅಥವಾ ಮೇ ತಿಂಗಳ ರಜೆಗೆ ಮುನ್ನ ನೋಡಿಕೊಳ್ಳುವವರಿಗೆ ದೂರವಾಣಿಯಲ್ಲಿ ತಿಳಿಸಿ ಮದ್ದು ಹೊಡೆಸುವುದು ವಾಡಿಕೆ. ಮನೆಯವರು ರಾತ್ರಿ ಬಸ್ಸಿನಲ್ಲಿ ಬಂದು, ಬೆಳಗಿನ ಜಾವ ಬಾಗಿಲು ತೆರೆದು, ಕಿಟಕಿಗಳನ್ನು ತೆರೆಯದೆ ಮಲಗುತ್ತಾರೆ. ಆದ್ದರಿಂದ ಕೆಲಸ ಮುಗಿದ ದಿನ, ಬಳಸಿದ ವಸ್ತು, ಎಷ್ಟು ಹೊತ್ತು ಗಾಳಿಯಾಡಿಸಬೇಕು ಎಂಬುದನ್ನು ಬರೆದು ಬಾಗಿಲಿಗೆ ಅಂಟಿಸಲು ಕೆಲಸದವರಿಗೆ ಸೂಚಿಸಬೇಕು. ಮೊದಲು ಒಬ್ಬ ವಯಸ್ಕರು ಬಂದು ಎಲ್ಲ ಬಾಗಿಲು ಕಿಟಕಿಗಳನ್ನು ತೆರೆದಿಟ್ಟು, ಆ ಅವಧಿ ಮುಗಿದ ನಂತರವಷ್ಟೇ ಮಕ್ಕಳೂ ವೃದ್ಧರೂ ಒಳಬರುವಂತೆ ನೋಡಿಕೊಳ್ಳತಕ್ಕದ್ದು.

ಬಾವಿಯ ವಿಷಯ

ಗೆದ್ದಲು ನಿಯಂತ್ರಣಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 6313 ಸಂಹಿತೆಯಿದೆ. ಇದರ 2ನೇ ಭಾಗವು ಕಟ್ಟುವ ಮೊದಲಿನ, 3ನೇ ಭಾಗವು ಕಟ್ಟಿದ ಮನೆಯ ಉಪಚಾರಕ್ಕೆ ಸಂಬಂಧಿಸಿದುದು. ಕಟ್ಟಿದ ಮನೆಯಲ್ಲಿ ಗೋಡೆಯೂ ನೆಲವೂ ಸೇರುವಲ್ಲಿ ಸುಮಾರು 300 ಮಿ.ಮೀ. ಅಂತರಕ್ಕೊಂದರಂತೆ 12 ಮಿ.ಮೀ. ವ್ಯಾಸದ ರಂಧ್ರ ಕೊರೆದು ಮದ್ದು ತುಂಬಿ ಮುಚ್ಚಲಾಗುತ್ತದೆ. ಬಾವಿ ಮತ್ತು ನೀರಿನ ಸೆಲೆಗಳಿಗೆ ಮದ್ದು ಸೇರದಂತೆ ಎಚ್ಚರ ವಹಿಸಬೇಕೆಂಬುದು ಈ ಕೆಲಸದ ಮೂಲ ನಿಯಮ. ನಮ್ಮಲ್ಲಿ ಅಡುಗೆಮನೆಯ ಬದಿಯಲ್ಲೇ ಬಾವಿಕಟ್ಟೆ ಇರುವ ಮನೆಗಳು ಅಸಂಖ್ಯ. ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಳಿಯುತ್ತದೆ, ಮಳೆಗಾಲದಲ್ಲಿ ಬಾವಿಯ ನೀರು ಕೈಗೆಟಕುವಷ್ಟು ಮೇಲೆ ಬರುತ್ತದೆ. ಬಾವಿಯ ದಿಕ್ಕಿನ ಗೋಡೆಗೆ ಮಣ್ಣಿನ ಉಪಚಾರ ಮಾಡುವ ಮೊದಲು ಬಾವಿಯನ್ನು ತೋರಿಸಿ, ಆ ಭಾಗವನ್ನು ಹೇಗೆ ನಿರ್ವಹಿಸುವರೆಂದು ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸವನ್ನು ಮುಂದೂಡುವುದು ಒಳಿತು. ಉಳಿದ ದ್ರಾವಣ ಮತ್ತು ಡಬ್ಬಿ ತೊಳೆದ ನೀರನ್ನು ಹಿತ್ತಿಲಿಗಾಗಲಿ ತೋಡಿಗಾಗಲಿ ಚೆಲ್ಲಲು ಬಿಡಬಾರದು. ನಿಯಮಗಳ ಪ್ರಕಾರ ಅದರ ವಿಲೇವಾರಿಯು ಕೆಲಸ ಮಾಡುವವರ ಹೊಣೆ.

ಗೋದಾಮು, ಗಿರಣಿಗಳು

ಧಾನ್ಯದ ರಾಶಿಗೆ ಅನಿಲ ಸೋರದ ಹೊದಿಕೆ ಹಾಕಿ, ಅಂಚಿಗೆ ಮರಳಿನ ಚೀಲಗಳನ್ನಿಟ್ಟು, ಕನಿಷ್ಠ 7 ದಿನ ಮುಚ್ಚಿಡುವುದು ರೂಢಿಯಲ್ಲಿರುವ ಕ್ರಮ. ಆ ಅವಧಿಯಲ್ಲಿ ಎಚ್ಚರಿಕೆ ಫಲಕವಿರಬೇಕು. ಹೊದಿಕೆ ತೆಗೆದ ಬಳಿಕ ಗಾಳಿಯಾಡಿಸಿ, ಮಾಪಕದಿಂದ ಅಳೆದು 0.3ಕ್ಕಿಂತ ಕಡಿಮೆಯಿರುವುದು ಖಚಿತವಾದ ನಂತರವೇ ಕಾರ್ಮಿಕರನ್ನು ಒಳಬಿಡಬೇಕು. ಗೋದಾಮಿನ ಗೋಡೆಗೆ ಹೊಂದಿಕೊಂಡ ಕೋಣೆಯಲ್ಲಿ ಕಾವಲುಗಾರರ ಅಥವಾ ವಲಸೆ ಕಾರ್ಮಿಕರ ಕುಟುಂಬ ವಾಸವಿದ್ದಲ್ಲಿ ಆ ದಿನಗಳಲ್ಲಿ ಅವರನ್ನು ಬೇರೆಡೆಗೆ ಸ್ಥಳಾಂತರಿಸುವುದು ಮಾಲೀಕರ ಕರ್ತವ್ಯ. ಇದನ್ನು ವೆಚ್ಚವೆಂದು ಕಾಣುವವರಿದ್ದಾರೆ. ಧೂಮೀಕರಣದ ಅಂದಾಜುಪಟ್ಟಿಯಲ್ಲಿಯೇ ಈ ಮೊತ್ತವನ್ನು ಸೇರಿಸಿಕೊಳ್ಳುವುದು ಸರಿಯಾದ ಲೆಕ್ಕ. ಕೀಟನಾಶಕ ನಿರ್ವಹಿಸುವ ಕೆಲಸಗಾರರಿಗೆ ರಕ್ಷಣಾ ಉಡುಪು, ಉಸಿರಾಟದ ಸಾಧನ, ತರಬೇತಿ ಹಾಗೂ ವರ್ಷಕ್ಕೊಮ್ಮೆಯಾದರೂ ವೈದ್ಯಕೀಯ ತಪಾಸಣೆಯನ್ನು ನಿಯಮಗಳು ಕಡ್ಡಾಯಗೊಳಿಸಿವೆ.

ಕೆಲಸ ಒಪ್ಪಿಸುವ ಮೊದಲು

ಪರವಾನಗಿಯ ಪ್ರತಿಯನ್ನು ಕೇಳಿ ಪಡೆದು, ಅದರಲ್ಲಿನ ಹೆಸರು ಮತ್ತು ವಿಳಾಸವು ಬಿಲ್ಲಿನಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ ನೋಡಬೇಕು. ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ ಅಥವಾ ಜಿಎಸ್‌ಟಿ ನೋಂದಣಿಯು ಕೀಟ ನಿಯಂತ್ರಣ ಪರವಾನಗಿಗೆ ಬದಲಿಯಲ್ಲ. ರಸೀದಿಯಲ್ಲಿ ಬಳಸಿದ ಕೀಟನಾಶಕದ ಹೆಸರು ಮತ್ತು ಪ್ರಮಾಣ ನಮೂದಾಗಿರಬೇಕು. "ಪೆಸ್ಟ್ ಕಂಟ್ರೋಲ್ ಚಾರ್ಜ್" ಎಂದಷ್ಟೇ ಬರೆದ ರಸೀದಿಯಿಂದ ವೈದ್ಯರಿಗೂ ಪ್ರಯೋಜನವಿಲ್ಲ, ದೂರಿಗೂ ಬಲ ಬರುವುದಿಲ್ಲ. ರಸೀದಿ ಬೇಡವೆಂದರೆ ದರ ಕಡಿಮೆ ಮಾಡುವುದಾಗಿ ಹೇಳುವವರು ಆ ಮೂಲಕ ತಮ್ಮ ಹೊಣೆಯನ್ನೇ ಕಡಿಮೆ ಮಾಡಿಕೊಳ್ಳುತ್ತಾರೆ.

ಅಸ್ವಸ್ಥತೆ ಕಂಡುಬಂದಲ್ಲಿ

ತಲೆನೋವು, ವಾಂತಿ, ಎದೆ ಬಿಗಿತ, ಉಸಿರಾಟದ ತೊಂದರೆಗಳು ಒಂದೇ ಮನೆಯ ಇಬ್ಬರು ಮೂವರಿಗೆ ಒಟ್ಟಿಗೆ ಕಾಣಿಸಿಕೊಂಡಲ್ಲಿ ಆಹಾರದ ದೋಷವೆಂದು ಕಾಯದೆ ಎಲ್ಲರೂ ತಕ್ಷಣ ಹೊರಬಂದು 108 ಅಥವಾ 112ಕ್ಕೆ ಕರೆ ಮಾಡಬೇಕು. ಮಾತ್ರೆಗಳ ಮೇಲೆ ನೀರು ಸುರಿಯಬಾರದು, ಅನಿಲವು ಒಮ್ಮೆಲೇ ಹೊರಬಂದು ಬೆಂಕಿಯೂ ಹೊತ್ತಬಹುದು. ಆಸ್ಪತ್ರೆಯಲ್ಲಿ ರಸೀದಿ ಅಥವಾ ಲೇಬಲ್ಲಿನ ಚಿತ್ರವನ್ನು ತೋರಿಸಬೇಕು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ ಸಂಖ್ಯೆ 1800 116 117.

ದೂರು ಸಲ್ಲಿಸುವ ಕ್ರಮ

ಪರವಾನಗಿಯಿಲ್ಲದ ಕೆಲಸ, ನಿಷೇಧಿತ ವಸ್ತುವಿನ ಮಾರಾಟ ಅಥವಾ ಬಳಕೆಯ ಬಗ್ಗೆ ತಾಲ್ಲೂಕಿನ ಕೃಷಿ ಇಲಾಖೆಯ ಕಚೇರಿಗೆ ಅಥವಾ ಕುಂದಾಪುರ, ವಂಡ್ಸೆ, ಬೈಂದೂರು, ಬ್ರಹ್ಮಾವರ, ಕೋಟ ಹೋಬಳಿಗಳ ರೈತ ಸಂಪರ್ಕ ಕೇಂದ್ರಗಳಿಗೆ ಲಿಖಿತವಾಗಿ ದೂರು ಸಲ್ಲಿಸಿ ಸ್ವೀಕೃತಿ ಪಡೆಯಬಹುದು. ಅಧಿನಿಯಮದ 21ನೇ ಪ್ರಕರಣದಂತೆ ಕೀಟನಾಶಕ ಪರಿವೀಕ್ಷಕರು ಸ್ಥಳವನ್ನು ಪ್ರವೇಶಿಸಿ ಶೋಧಿಸುವ, ಮಾದರಿ ತೆಗೆಯುವ, ದಾಖಲೆ ಪರಿಶೀಲಿಸುವ ಹಾಗೂ ಮಾರಾಟ ಅಥವಾ ಬಳಕೆಯನ್ನು ನಿರ್ದಿಷ್ಟ ಅವಧಿಗೆ ತಡೆಹಿಡಿಯುವ ಅಧಿಕಾರ ಹೊಂದಿರುತ್ತಾರೆ. ಖಾಲಿ ಡಬ್ಬಿ, ಪೊಟ್ಟಣಗಳನ್ನು ಎಸೆಯದೆ, ಮಕ್ಕಳ ಕೈಗೆ ಸಿಗದಂತೆ ಮನೆಯ ಹೊರಗೆ ಇರಿಸಿ ಪರಿವೀಕ್ಷಕರಿಗೆ ತೋರಿಸತಕ್ಕದ್ದು.

ಸೇವಾ ನ್ಯೂನತೆಗೆ ಪರಿಹಾರ ಕೋರುವವರು ಗ್ರಾಹಕ ಸಂರಕ್ಷಣಾ ಅಧಿನಿಯಮ 2019ರಂತೆ ಉಡುಪಿಯ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ದೂರು ಸಲ್ಲಿಸಬಹುದು. ಸೇವೆಗೆ ನೀಡಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ. ಒಂದು ಸಂಸ್ಥೆಗೆ ಪರವಾನಗಿ ಇದೆಯೇ ಎಂಬುದನ್ನು ಕಚೇರಿಯಲ್ಲಿ ವಿಚಾರಿಸಿ ತಿಳಿಯಬಹುದು. ಉತ್ತರ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗಿದ್ದು, ವ್ಯಕ್ತಿಯ ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದಲ್ಲಿ ಈ ಅವಧಿಯು 48 ಗಂಟೆಗಳು.