ಜಾಲ ಭದ್ರತಾ ನಿರ್ವಹಣೆಯಲ್ಲಿ ಸ್ವಯಂಚಾಲಿತ ಕಾರ್ಯಗಳು

ಜಾಲ ಭದ್ರತಾ ನಿರ್ವಹಣಾ ತಂತ್ರಾಂಶದಲ್ಲಿ ವೈರಸ್ ಮಾಹಿತಿಯ ನವೀಕರಣ, ಫೈರ್‌ವಾಲ್ ನಿಯಮಗಳ ಬ್ಯಾಕಪ್, ಲಾಗ್‌ಗಳ ಸಂಗ್ರಹ ಮೊದಲಾದ ಕೆಲಸಗಳು ನಿಗದಿತ ವೇಳೆಗೆ ತಾವಾಗಿಯೇ ನಡೆಯುವಂತೆ ಗೊತ್ತುಪಡಿಸಿದಾಗ ಅವುಗಳನ್ನು ಸ್ವಯಂಚಾಲಿತ ಕಾರ್ಯಗಳು ಎನ್ನುತ್ತಾರೆ.

ಚದುರಿದ ಕಚೇರಿಗಳನ್ನು ಒಂದೆಡೆಯಿಂದ ನೋಡಿಕೊಳ್ಳಬೇಕಾದಲ್ಲಿ ಇವು ಅನಿವಾರ್ಯ. ಕರ್ನಾಟಕ ಸರ್ಕಾರದ ಕೆಸ್ವಾನ್ ಜಾಲವು ಬೆಂಗಳೂರನ್ನು ಜಿಲ್ಲಾ ಕೇಂದ್ರಗಳಿಗೂ ಅರಸೀಕೆರೆ, ಬೇಲೂರಿನಂತಹ ತಾಲ್ಲೂಕು ಕೇಂದ್ರಗಳಿಗೂ ಜೋಡಿಸುತ್ತದೆ.

'''ವೇಳಾನಿಗದಿ'''

ಭಾರೀ ಕೆಲಸಗಳನ್ನು ಸಾಮಾನ್ಯವಾಗಿ ಬೆಳಗಿನ ಜಾವಕ್ಕೆ ಇಡಲಾಗುತ್ತದೆ. ಆದರೆ ಸರ್ವರ್‌ನ ಗಡಿಯಾರ ಜಾಗತಿಕ ಕಾಲಮಾನದಲ್ಲಿದ್ದರೆ, 4:30ಕ್ಕೆ ಇಟ್ಟ ತಪಾಸಣೆ ಭಾರತೀಯ ಕಾಲಮಾನದ 10 ಗಂಟೆಗೆ, ಕಚೇರಿ ತೆರೆಯುವ ಹೊತ್ತಿಗೆ ಆರಂಭವಾಗುತ್ತದೆ. ವಿದ್ಯುತ್ ಕಡಿತವೂ ತೊಡಕೇ: ಯೂನಿಕ್ಸ್‌ನ ಕ್ರಾನ್, ಯಂತ್ರ ಆರಿದ್ದಾಗ ತಪ್ಪಿದ ಕೆಲಸವನ್ನು ಮತ್ತೆ ನಡೆಸುವುದಿಲ್ಲ, ಅನಾಕ್ರಾನ್ ನಡೆಸುತ್ತದೆ.

'''ಮೇಲ್ವಿಚಾರಣೆ'''

ಪಟ್ಟಿಯಲ್ಲಿ ಕಾಣುವ 'ಯಶಸ್ವಿ' ಎಂಬ ಪದವು ಕೆಲಸ ದೋಷವಿಲ್ಲದೆ ಮುಗಿಯಿತೆಂದಷ್ಟೇ ಹೇಳುತ್ತದೆ. ಬ್ಯಾಕಪ್ ಕಡತ ಖಾಲಿಯಿರಲೂಬಹುದು. ಆದ್ದರಿಂದ ಕಡತದ ಗಾತ್ರ, ದಿನಾಂಕಗಳನ್ನು ನೋಡಿ, ಆಗಾಗ ಅದನ್ನು ಮರುಸ್ಥಾಪಿಸಿ ಪರೀಕ್ಷಿಸಬೇಕು. ಆರಂಭವೇ ಆಗದ ಕೆಲಸ ವಿಫಲವಾಯಿತೆಂದು ವರದಿ ಮಾಡುವುದೂ ಇಲ್ಲ. ಬರಬೇಕಾದ ಸಂದೇಶ ಬಾರದಿದ್ದಾಗ ಎಚ್ಚರಿಸುವ ಏರ್ಪಾಡೇ ಹೆಚ್ಚು ವಿಶ್ವಾಸಾರ್ಹ.

ಭಾರತದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಲು, ಗಡಿಯಾರಗಳನ್ನು ಮಾನ್ಯ ಸಮಯ ಸರ್ವರ್‌ಗೆ ಹೊಂದಿಸಲು, ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಲು ಸೂಚಿಸಿತು. ಸಂಗ್ರಹ ಕಾರ್ಯ ಸದ್ದಿಲ್ಲದೆ ನಿಂತು, ಉಪಕರಣವು ಹಳೆಯ ದಾಖಲೆಗಳ ಮೇಲೆ ಹೊಸದನ್ನು ಬರೆದರೆ, ಆ ದಿನಗಳ ಲಾಗ್ ಮತ್ತೆ ದೊರೆಯುವುದಿಲ್ಲ.