ಹಸುಗೂಸಿನ ರಕ್ತದಲ್ಲಿ ಉಪ್ಪು: ಎರಡು ಯಂತ್ರ, ಎರಡು ಲೆಕ್ಕ

ಸೇಲಂ, ಧರ್ಮಪುರಿ ಜಿಲ್ಲೆಗಳ ಹಳ್ಳಿಗಳಿಂದ ಕಾಯಿಲೆಯ ಹಸುಗೂಸನ್ನು ದೊಡ್ಡಾಸ್ಪತ್ರೆಗೆ ತಂದಾಗ, ಅದು ಸೇಲಂನ ಮೋಹನ್ ಕುಮಾರಮಂಗಲಂ ಸರ್ಕಾರಿ ವೈದ್ಯಕೀಯ ಕಾಲೇಜಿರಲಿ, ಧರ್ಮಪುರಿಯದಿರಲಿ, ಮುಖ್ಯ ರಕ್ತಪರೀಕ್ಷೆಗಳಲ್ಲಿ ಸೋಡಿಯಂ ಒಂದು. ಆಡುಮಾತಿನಲ್ಲಿ ಉಪ್ಪು, ಕನ್ನಡಕ್ಕೂ ತಮಿಳಿಗೂ ಒಂದೇ ಪದ. ಗೊಂದಲವೂ ಒಂದೇ. 'ಉಪ್ಪು ಹೆಚ್ಚಿದೆ' ಎಂದರೆ ಬಾಣಂತಿ ಉಪ್ಪು ಜಾಸ್ತಿ ತಿಂದಳೆಂದು ಅವಳನ್ನೇ ಬೈಯುವವರುಂಟು. ಅದು ತಪ್ಪು. ಹುಟ್ಟಿದ ಮೊದಲ ವಾರಗಳಲ್ಲಿ ಸಾಮಾನ್ಯವಾಗಿ ಹಾಲು ಸಾಲದೆ ಮಗುವಿನ ಮೈಯ ನೀರು ಬತ್ತಿದಾಗ ಸೋಡಿಯಂ ಏರುತ್ತದೆ.

ಲೀಟರಿಗೆ 135ರಿಂದ 145 ಮಿಲಿಮೋಲ್ ಸರಿಯಾದ ಮಟ್ಟ. ತೀರಾ ಇಳಿದರೂ ಏರಿದರೂ ಮಿದುಳಿಗೆ ಪೆಟ್ಟು, ಫಿಟ್ಸ್ ಬರಬಹುದು. ಏರಿದ್ದನ್ನು ಅವಸರದಲ್ಲಿ ಇಳಿಸಿದರೆ ಮಿದುಳು ಊದಿಕೊಳ್ಳುತ್ತದೆ. ಆದ್ದರಿಂದ ದಿನಕ್ಕೆ 10-12ಕ್ಕಿಂತ ಹೆಚ್ಚು ಇಳಿಸುವುದಿಲ್ಲ. ಡ್ರಿಪ್ಪಿನ ಲೆಕ್ಕವೆಲ್ಲ ಈ ಒಂದು ಅಂಕಿಯ ಮೇಲೆ ನಿಂತಿದೆ.

ಆ ಅಂಕಿಯನ್ನು ಎರಡು ಬಗೆಯಲ್ಲಿ ತೆಗೆಯುತ್ತಾರೆ. ವಾರ್ಡಿನ ಬ್ಲಡ್ ಗ್ಯಾಸ್ ಯಂತ್ರ ಹನಿ ರಕ್ತವನ್ನು ನೇರವಾಗಿ ಅಳೆಯುತ್ತದೆ. ದೊಡ್ಡ ಲ್ಯಾಬಿನ ಯಂತ್ರಗಳು ಬಹುಮಟ್ಟಿಗೆ ರಕ್ತದ ತಿಳಿಯನ್ನು ತೆಳುಮಾಡಿ ಅಳೆದು, ಅದರಲ್ಲಿ ನೂರಕ್ಕೆ 93 ಪಾಲು ನೀರಿದೆ ಎಂದಿಟ್ಟುಕೊಂಡು ಲೆಕ್ಕ ಹಾಕುತ್ತವೆ. ದೊಡ್ಡವರಿಗೆ ಇದು ಸರಿ. ತೂಕ ಕಡಿಮೆಯ, ಕಾಯಿಲೆಯ ಕೂಸಿನ ರಕ್ತದಲ್ಲಿ ಪ್ರೋಟೀನ್ ಕಡಿಮೆ, ನೀರಿನ ಪಾಲು ಹೆಚ್ಚು; ಹೀಗಾಗಿ ಲ್ಯಾಬಿನ ಅಂಕಿ ನಿಜಕ್ಕಿಂತ ಮೇಲೆ ನಿಲ್ಲುತ್ತದೆ. ವಾರ್ಡಿನಲ್ಲಿ 133 ಬಂದ ಮಗುವಿಗೆ ಲ್ಯಾಬಿನಲ್ಲಿ 137 ಬರಬಹುದು. ಒಂದರಲ್ಲಿ ಕಡಿಮೆ, ಇನ್ನೊಂದರಲ್ಲಿ ಸರಿ! ಮನೆಯವರು ಗಾಬರಿಯಾಗುವುದು ಸಹಜ, ಆದರೆ ಲ್ಯಾಬಿನವರು ತಪ್ಪು ಮಾಡಿದ್ದಾರೆಂದೇ ಅರ್ಥವಲ್ಲ.

ರಕ್ತ ತೆಗೆಯುವಾಗಲೂ ಅಂಕಿ ಕೆಡಬಹುದು. ಗ್ಲೂಕೋಸ್ ಡ್ರಿಪ್ ಓಡುತ್ತಿರುವ ನಾಳದಿಂದಲೇ ತೆಗೆದರೆ ಸೋಡಿಯಂ ಸುಳ್ಳಾಗಿ ಇಳಿಯುತ್ತದೆ. ಸಿರಿಂಜಿನಲ್ಲಿ ಹೆಪಾರಿನ್ ದ್ರವ ಹೆಚ್ಚು ಉಳಿದರೂ ಲೆಕ್ಕ ತಪ್ಪುತ್ತದೆ. ಹಿಮ್ಮಡಿ ಚುಚ್ಚಿ ಹಿಂಡಿದರೆ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ಹಾಗೆಂದು ಪದೇಪದೇ ತೆಗೆಯುವಂತೆಯೂ ಇಲ್ಲ: ಒಂದೂವರೆ ಕಿಲೋ ಮಗುವಿನ ಮೈಯಲ್ಲಿರುವ ರಕ್ತವೇ ಸುಮಾರು 130 ಮಿಲಿಲೀಟರ್, ಒಂದು ಟೀ ಲೋಟದಷ್ಟು.

ಆದ್ದರಿಂದ ವೈದ್ಯರು ಏರಿಳಿತವನ್ನು ಒಂದೇ ಯಂತ್ರದಲ್ಲಿ ನೋಡಲು ಬಯಸುತ್ತಾರೆ. ಸೇಲಂಗೋ ಬೆಂಗಳೂರಿಗೋ ಮಗುವನ್ನು ಕಳಿಸುವಾಗ ಹಳೆಯ ರಿಪೋರ್ಟುಗಳನ್ನೆಲ್ಲ ಜೊತೆಗೆ ಒಯ್ಯಿರಿ; ಯಾವ ಯಂತ್ರದ್ದು, ಎಷ್ಟು ಗಂಟೆಗೆ ತೆಗೆದದ್ದು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಮನೆಯಲ್ಲಿರುವ ಕೂಸು ಹಾಲು ಬಿಟ್ಟು ಮಂಕಾದರೆ, ಉಚ್ಚೆ ಕಡಿಮೆಯಾದರೆ, ಹುಟ್ಟುತೂಕದಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಳಿದರೆ ಸಕ್ಕರೆ ನೀರು, ಜೇನು ಕೊಡುತ್ತ ಕೂರದೆ 108ಕ್ಕೆ ಫೋನ್ ಮಾಡಿ.