ಅದಿತಿ ಅಶೋಕ್

ಅದಿತಿ ಅಶೋಕ್ (ಜನನ: 29 ಮಾರ್ಚ್ 1998, ಬೆಂಗಳೂರು) ಭಾರತದ ವೃತ್ತಿಪರ ಗಾಲ್ಫ್ ಆಟಗಾರ್ತಿ. ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು. ರಿಯೊ, ಟೋಕಿಯೊ, ಪ್ಯಾರಿಸ್ ಮೂರೂ ಒಲಿಂಪಿಕ್ಸ್‌ಗಳಲ್ಲಿ ದೇಶವನ್ನು ಪ್ರತಿನಿಧಿಸಿದವರು. ಆದರೂ ಅವರ ಹೆಸರು ಮನೆಮಾತಾದದ್ದು ಗೆದ್ದ ಪ್ರಶಸ್ತಿಗಳಿಂದಲ್ಲ, 2021ರ ಆಗಸ್ಟ್‌ನಲ್ಲಿ ಟೋಕಿಯೊದಲ್ಲಿ ಒಂದೇ ಹೊಡೆತದಿಂದ ಕೈತಪ್ಪಿದ ಪದಕದಿಂದ. ಆ ನಾಲ್ಕು ದಿನಗಳನ್ನು ಅನಿರೀಕ್ಷಿತ ಪವಾಡವೆಂದೋ ಅದೃಷ್ಟ ಕೈಕೊಟ್ಟ ಕಥೆಯೆಂದೋ ಹೇಳುವ ರೂಢಿ ಬೆಳೆದಿದೆ. ಎರಡೂ ಸರಿಯಲ್ಲ. ಚೆಂಡನ್ನು ದೂರ ಹೊಡೆಯುವ ಶಕ್ತಿಯೇ ಎಲ್ಲವೂ ಎಂದು ನಂಬಿದ ಕಾಲದಲ್ಲಿ, ಆ ಶಕ್ತಿಯಲ್ಲಿ ಹಿಂದಿದ್ದ ಒಬ್ಬರು ಕುಳಿಯ ಸಮೀಪದ ಆಟವನ್ನು ನೆಚ್ಚಿ ಕಟ್ಟಿಕೊಂಡ ಬದುಕು ಇದು. ಟೋಕಿಯೊದಲ್ಲಿ ಜಗತ್ತು ಕಂಡದ್ದು ಬಾಲ್ಯದಿಂದಲೂ ನಡೆದುಬಂದಿದ್ದ ಆ ಕ್ರಮವನ್ನೇ.

ಬೆಂಗಳೂರಿಗೆ ಗಾಲ್ಫ್ ಹೊಸದಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ರೂಪುಗೊಂಡ 18 ಕುಳಿಗಳ ಆಟವನ್ನು ಬ್ರಿಟಿಷರು 1829ರಲ್ಲಿ ಕಲ್ಕತ್ತೆಗೆ ತಂದರು. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಹುಟ್ಟಿತು. ಆದರೆ ಅದಿತಿ ಅವರ ಮನೆಯಲ್ಲಿ ಯಾರೂ ಗಾಲ್ಫ್ ಆಡುತ್ತಿರಲಿಲ್ಲ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಅಭ್ಯಾಸದ ಅಂಗಳ ಕಾಣುವ ಉಪಾಹಾರ ಗೃಹಕ್ಕೆ ಕುಟುಂಬ ಹೋಗುತ್ತಿತ್ತು. ಅಲ್ಲಿಂದ ಆಟ ಕಂಡ ಕುತೂಹಲ ಐದೂವರೆ ವರ್ಷದ ಹುಡುಗಿಯನ್ನು ಅಂಗಳಕ್ಕೆ ಕರೆದೊಯ್ದಿತು. ತಂದೆ ಗುಡ್ಲಮನಿ ಅಶೋಕ್, ತಾಯಿ ಮಾಹೇಶ್ವರಿ ಮಗಳ ಜೊತೆಗೇ ಆಟ ಕಲಿತರು. ಮುಂದೆ ದೊಡ್ಡ ಪಂದ್ಯಗಳಲ್ಲಿ ಅವಳ ಚೀಲ ಹೊರುವ ಕ್ಯಾಡಿಗಳೂ ಆದರು. ಅಷ್ಟು ಚಿಕ್ಕ ಮಗುವಿಗೆ ಚೆಂಡನ್ನು ಇನ್ನೂರು ಗಜ ಕಳಿಸುವ ತೋಳ್ಬಲ ಇರುವುದಿಲ್ಲ. ಆದರೆ ಕುಳಿಯ ಸುತ್ತಲಿನ ನುಣುಪಾದ ಗ್ರೀನ್ ಮೇಲೆ, ಚೆಂಡನ್ನು ಕುಳಿಗೆ ಉರುಳಿಸುವ ಪಟರ್ ಹಿಡಿದು ನಿಂತಾಗ ಮಗುವೂ ಹಿರಿಯರೂ ಒಂದೇ. ಅಲ್ಲಿ ಬೇಕಾದದ್ದು ನೆಲದ ಇಳಿಜಾರನ್ನು ಓದುವ ಕಣ್ಣು ಮತ್ತು ಬೇಸರವಿಲ್ಲದ ತಾಳ್ಮೆ.

ದಿ ಫ್ರಾಂಕ್ ಆಂಥೊನಿ ಪಬ್ಲಿಕ್ ಶಾಲೆಯಲ್ಲಿ ಓದುತ್ತಲೇ ಅವರು ಹವ್ಯಾಸಿ ಆಟದ ಮೆಟ್ಟಿಲುಗಳನ್ನು ಹತ್ತಿದರು. 2013ರ ಏಷ್ಯನ್ ಯೂತ್ ಗೇಮ್ಸ್, 2014ರ ಯೂತ್ ಒಲಿಂಪಿಕ್ಸ್, ಅದೇ ವರ್ಷದ ಏಷ್ಯನ್ ಗೇಮ್ಸ್ ಎಲ್ಲದರಲ್ಲೂ ಆಡಿದರು. 2015ರಲ್ಲಿ ಸೇಂಟ್ ಆಂಡ್ರೂಸ್‌ನ ಸೇಂಟ್ ರೂಲ್ ಟ್ರೋಫಿಯನ್ನೂ ಬ್ರಿಟಿಷ್ ಮಹಿಳಾ ಹವ್ಯಾಸಿ ಸ್ಟ್ರೋಕ್ ಪ್ಲೇ ಪ್ರಶಸ್ತಿಯನ್ನೂ ಗೆದ್ದರು. ಗಾಳಿಗೆ ಚೆಂಡು ದಿಕ್ಕು ತಪ್ಪುವ ಆ ಕಡಲಂಚಿನ ಅಂಗಳಗಳಲ್ಲಿ ಬರಿಯ ಬಲ ನಡೆಯುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಆ ವರ್ಷದ ಕೊನೆಗೆ ಮೊರಾಕ್ಕೊದಲ್ಲಿ ನಡೆದ ಲಲ್ಲಾ ಆಯಿಶಾ ಟೂರ್ ಸ್ಕೂಲ್ ಅರ್ಹತಾ ಪಂದ್ಯವನ್ನು 17ನೇ ವಯಸ್ಸಿನಲ್ಲಿ ಗೆದ್ದು, 2016ರ ಆರಂಭದಲ್ಲಿ ವೃತ್ತಿಪರರಾದರು. ಆ ಆಗಸ್ಟ್‌ನಲ್ಲಿ ರಿಯೊ ಒಲಿಂಪಿಕ್ಸ್. ಮಹಿಳೆಯರ ಗಾಲ್ಫ್ 1900ರ ನಂತರ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಮರಳಿದ್ದ ಆ ಕಣದಲ್ಲಿ, 46ರ ಸ್ಕಾಟಿಷ್ ಆಟಗಾರ್ತಿ, 2009ರ ಬ್ರಿಟಿಷ್ ಓಪನ್ ವಿಜೇತೆ ಕ್ಯಾಟ್ರಿಯೊನಾ ಮ್ಯಾಥ್ಯೂ ಅವರೂ ಇದ್ದರು, 18ರ ಅದಿತಿಯೂ ಇದ್ದರು. ಮೊದಲೆರಡು ಸುತ್ತುಗಳಲ್ಲಿ 68, 68 ಹೊಡೆದು ಮುಂಚೂಣಿಗೆ ಬಂದ ಅವರು ಕೊನೆಗೆ ಜಂಟಿ 41ನೇ ಸ್ಥಾನಕ್ಕೆ ಇಳಿದರು. ನವೆಂಬರ್‌ನಲ್ಲಿ ಗುರ್‌ಗಾಂವ್‌ನ ಮಹಿಳಾ ಇಂಡಿಯನ್ ಓಪನ್ ಒಂದು ಹೊಡೆತದಿಂದ ಒಲಿಯಿತು. ಬೆನ್ನಿಗೇ ಕತಾರ್ ಓಪನ್. ಲೇಡೀಸ್ ಯುರೋಪಿಯನ್ ಟೂರ್ ಅವರನ್ನು ವರ್ಷದ ಅತ್ಯುತ್ತಮ ಹೊಸ ಆಟಗಾರ್ತಿ ಎಂದು ಗುರುತಿಸಿತು. 2017ರಿಂದ ಅಮೆರಿಕದ ಎಲ್‌ಪಿಜಿಎ ಟೂರ್‌ನಲ್ಲೂ ಆಡತೊಡಗಿದರು. ಅದೇ ವರ್ಷ ಅಬುಧಾಬಿಯಲ್ಲಿ ಮೂರನೆಯ ಯುರೋಪಿಯನ್ ಪ್ರಶಸ್ತಿ ಬಂತು. 2020ರ ಅರ್ಜುನ ಪ್ರಶಸ್ತಿಯೂ ಸಂದಿತು.

2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಕಸುಮಿಗಾಸೆಕಿ ಅಂಗಳಕ್ಕೆ ಹೋದಾಗ ಅದಿತಿ ವಿಶ್ವ ಶ್ರೇಯಾಂಕದಲ್ಲಿ 200ನೇ ಸ್ಥಾನದಲ್ಲಿದ್ದರು. ಅದೇ ವರ್ಷ ಕೋವಿಡ್‌ನಿಂದ ಬಳಲಿ ಮೈಯ ಕಸುವೂ ಕುಂದಿತ್ತು. ತಾಯಿಯೇ ಕ್ಯಾಡಿ. 67, 66, 68, 68: ಅಂಗಳಕ್ಕೆ ನಿಗದಿಯಾದ ಹೊಡೆತಗಳ ಲೆಕ್ಕವಾದ ಪಾರ್‌ಗಿಂತ 15 ಕಡಿಮೆ. ಮೂರು ಸುತ್ತು ಮುಗಿದಾಗ ಅವರು ಒಬ್ಬರೇ ಎರಡನೇ ಸ್ಥಾನದಲ್ಲಿದ್ದರು. ಕೊನೆಯ ದಿನ ಲಿಡಿಯಾ ಕೊ ಮತ್ತು ಮೊನೆ ಇನಾಮಿ ಇಬ್ಬರೂ 65 ಹೊಡೆದು ಪಾರ್‌ಗಿಂತ 16 ಕಡಿಮೆಗೆ ತಲುಪಿದರು. 17 ಕಡಿಮೆಯೊಂದಿಗೆ ನೆಲ್ಲಿ ಕೊರ್ಡಾ ಚಿನ್ನ ಗೆದ್ದರು. ಇಲ್ಲಿ ಗಮನಿಸಬೇಕಾದದ್ದು ಅಂಕಿಗಳ ಸಮತೆ. ನಾಲ್ಕು ಸುತ್ತುಗಳಲ್ಲಿ ಒಂದೂ ಎಡವಿದ ಸುತ್ತಲ್ಲ, ಒಂದೂ ಉಕ್ಕಿ ಹರಿದ ಸುತ್ತಲ್ಲ. ಅದೃಷ್ಟದ ಆಟಕ್ಕೆ ಈ ಬಗೆಯ ನಾಲ್ಕು ಅಂಕಿಗಳು ಬರುವುದಿಲ್ಲ. ಎದುರಾಳಿಗಳು ಗಿಡ್ಡ ಐರನ್‌ನಿಂದ ಹೊಡೆಯುವ ಜಾಗದಿಂದ ಬಹಳ ಹಿಂದೆ ನಿಂತು, ಹೈಬ್ರಿಡ್ ಅಥವಾ ಫೇರ್‌ವೇ ವುಡ್‌ನಂಥ ದೂರದ ಹೊಡೆತದ ಕೋಲು ಹಿಡಿದು ಗ್ರೀನ್ ಮುಟ್ಟಿಸಿ, ಅಲ್ಲಿಂದ ಪಟರ್‌ನಿಂದ ಲೆಕ್ಕ ಸರಿದೂಗಿಸುವುದು ಅವರ ದಿನನಿತ್ಯದ ಆಟ. ಸಾಮಾನ್ಯವಾದ 72ರ ಪಾರ್‌ನಲ್ಲಿ ಪ್ರತಿ ಗ್ರೀನ್‌ಗೆ ಎರಡರಂತೆ 36 ಹೊಡೆತಗಳು ಪಟರ್‌ಗೇ ಮೀಸಲು. ಆ ಅರ್ಧ ಭಾಗದಲ್ಲಿ ಉಳಿಸಿದ್ದನ್ನು ಅವರು ಉಳಿದರ್ಧದ ಕೊರತೆಗೆ ತುಂಬುತ್ತಾರೆ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಲಕ್ಷಾಂತರ ಹೊಡೆತಗಳ ದತ್ತಾಂಶವನ್ನು ಅಳೆದು, ಶ್ರೇಷ್ಠ ಆಟಗಾರರನ್ನು ಉಳಿದವರಿಂದ ಬೇರ್ಪಡಿಸುವುದು ಹೆಚ್ಚಾಗಿ ದೂರದ ಹೊಡೆತಗಳೇ, ಪಟಿಂಗ್‌ನ ಪಾಲು ಜನ ತಿಳಿದಷ್ಟಿಲ್ಲ ಎಂದು ತೋರಿಸಿದ್ದಾರೆ. ಅದು ಒಪ್ಪತಕ್ಕ ಮಾತು. ಎಲ್‌ಪಿಜಿಎಯಲ್ಲಿ ಅದಿತಿಗೆ ಪ್ರಶಸ್ತಿ ಇನ್ನೂ ದಕ್ಕದಿರುವುದಕ್ಕೆ ಕಾರಣವನ್ನೂ ಅಲ್ಲೇ ಹುಡುಕಬೇಕು. ಆದರೆ ಆ ಲೆಕ್ಕ ಸಾವಿರಾರು ಸುತ್ತುಗಳ ಸರಾಸರಿ. ಯಾವ ದಾರಿಯಲ್ಲಿ ಹೆಚ್ಚು ಮಂದಿ ಮೇಲೇರುತ್ತಾರೆ ಎಂದು ಅದು ಹೇಳುತ್ತದೆಯೇ ಹೊರತು ಬೇರೆ ದಾರಿಯೇ ಇಲ್ಲವೆಂದಲ್ಲ. ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್ ಈ ದಾರಿಯ ವಿರುದ್ಧ ಇನ್ನೂ ಕಠಿಣವಾದ ಸಾಕ್ಷಿ. 2023ರಲ್ಲಿ ಅಲ್ಲಿ ಮೂರನೇ ಸುತ್ತಿನಲ್ಲಿ 61 ಹೊಡೆದು ಏಳು ಹೊಡೆತಗಳ ಮುನ್ನಡೆ ಪಡೆದ ಅದಿತಿ, ಕೊನೆಯ ದಿನ 77 ಹೊಡೆದರು. ಚಿನ್ನ ಥಾಯ್ಲೆಂಡಿನ ಅರ್ಪಿಚಾಯಾ ಯುಬೋಲ್ ಪಾಲಾಯಿತು, ಅದಿತಿಗೆ ಬೆಳ್ಳಿ ಸಿಕ್ಕಿತು. ಆಟದ ಒಂದು ಭಾಗವನ್ನೇ ನೆಚ್ಚಿದವರಿಗೆ ಆ ಭಾಗ ಕೈಕೊಟ್ಟ ದಿನ ಆಸರೆ ಇರುವುದಿಲ್ಲ ಎನ್ನುವವರು ಈ ಸುತ್ತನ್ನು ತೋರಿಸಬಹುದು. ಅದರ ಪಕ್ಕದಲ್ಲೇ ಆ ವರ್ಷದ ಉಳಿದ ಪುಟಗಳೂ ಇವೆ: ಫೆಬ್ರುವರಿಯಲ್ಲಿ ಕೆನ್ಯಾ ಓಪನ್ ಅನ್ನು ಒಂಬತ್ತು ಹೊಡೆತಗಳ ಅಂತರದಲ್ಲಿ ಗೆದ್ದದ್ದು, ಲಾಸ್ ಏಂಜಲೀಸ್‌ನ ಎಲ್‌ಪಿಜಿಎ ಪಂದ್ಯದಲ್ಲಿ ಮೂವರ ಪ್ಲೇಆಫ್‌ವರೆಗೆ ಹೋದದ್ದು, ನವೆಂಬರ್‌ನಲ್ಲಿ ಸ್ಪೇನ್ ಓಪನ್ ಗೆದ್ದು ಐದನೇ ಯುರೋಪಿಯನ್ ಪ್ರಶಸ್ತಿ ಪಡೆದದ್ದು. ಹ್ಯಾಂಗ್‌ಝೌನ ಆ ಬೆಳ್ಳಿ ಕೂಡ ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ಬಂದ ಮೊದಲ ಪದಕ.

ಇನ್ನೊಂದು ಆಕ್ಷೇಪ ಸಾಮಾಜಿಕವಾದುದು. ಸಮಯವೂ ಅನುಕೂಲವೂ ಇದ್ದ ತಂದೆತಾಯಿಗಳ ಮಗಳ ಗೆಲುವು ಆಟದ ಬಾಗಿಲನ್ನು ಇತರರಿಗೆ ತೆರೆಯುತ್ತದೆಯೆ? ಬಾಗಿಲು ಕಿರಿದಾಗಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಇದೇ ಬೆಂಗಳೂರಿನಲ್ಲಿ ಇತರರ ಚೀಲ ಹೊತ್ತ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಪುರುಷರ ಇಂಡಿಯನ್ ಓಪನ್ ಅನ್ನು ಪ್ಲೇಆಫ್‌ನಲ್ಲಿ ಗೆದ್ದಿದ್ದಾರೆ. ಸ್ಕಾಟ್ಲೆಂಡಿನಲ್ಲೂ ವೃತ್ತಿಪರ ಗಾಲ್ಫ್ ಹುಟ್ಟಿದ್ದು ಕ್ಯಾಡಿಗಳ, ಚೆಂಡು ಮಾಡುವವರ ನಡುವೆ. ಅಲನ್ ರಾಬರ್ಟ್‌ಸನ್ ಬಳಿ ಚೆಂಡು ಮಾಡುವ ಕೆಲಸ ಕಲಿತ ಟಾಮ್ ಮಾರಿಸ್ 1861ರಿಂದ 1867ರೊಳಗೆ ನಾಲ್ಕು ಬಾರಿ ಓಪನ್ ಗೆದ್ದರು. ಹುಡುಗಿಯರಿಗೆ ಬೆಂಗಳೂರಿನ ಆ ಕ್ಯಾಡಿಗಳ ದಾರಿ ತೆರೆದಿರಲಿಲ್ಲ. ಅಂಗಳದಲ್ಲಿ ದುಡಿಯುತ್ತ ಆಟ ಕಲಿಯುವ ಅವಕಾಶ ಅವರಿಗಿಲ್ಲದ್ದರಿಂದ ಕುಟುಂಬವೇ ಕೈಹಿಡಿದು ಒಳಗೆ ಕರೆದೊಯ್ಯಬೇಕಿತ್ತು. ಅಶೋಕ್ ದಂಪತಿ ಮಾಡಿದ್ದು ಅದನ್ನೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅದಿತಿ ಜಂಟಿ 29ನೇ ಸ್ಥಾನ ಪಡೆದರು. ಟೋಕಿಯೊದಂತೆಯೇ ಅಲ್ಲೂ ಅವರೊಂದಿಗೆ ಭಾರತದ ಇನ್ನೊಬ್ಬ ಆಟಗಾರ್ತಿ ದೀಕ್ಷಾ ಡಾಗರ್ ಕಣದಲ್ಲಿದ್ದರು.